ಅರವತ್ತಕ್ಕೆ ಅರಳುಮರಳೆ?

ನೆನಪಿನ ದೂತನನ್ನು ಕಳೆದುಕೊಂಡ ಮಿದುಳಿನ ಕಥೆ

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆ ಕನ್ನಡ ನಾಡಿನಲ್ಲಿ ಎಲ್ಲರ ನಾಲಗೆಯ ಮೇಲೂ ಇದೆ. ಮನೆಯ ಹಿರಿಯರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕಾಡಿದರೆ ಮಕ್ಕಳು ಈ ಮಾತನ್ನಾಡಿ ನಗುತ್ತಾರೆ. ಹಿರಿಯರೂ ಜೊತೆಗೂಡಿ ನಗುತ್ತಾರೆ. ಅಷ್ಟರಮಟ್ಟಿಗೆ ತಪ್ಪೇನೂ ಇಲ್ಲ. ಆದರೆ ಅದೇ ಹಿರಿಯರು ಊಟ ಮುಗಿಸಿ ಕೈ ತೊಳೆದ ಹತ್ತು ನಿಮಿಷಕ್ಕೆ ತಮಗೆ ಊಟವನ್ನೇ ಹಾಕಲಿಲ್ಲವೆಂದು ಮುನಿದಾಗ, ಮೂವತ್ತು ವರ್ಷ ಓಡಾಡಿದ ಬೀದಿಯಲ್ಲಿ ನಿಂತು ತಮ್ಮ ಮನೆಯ ದಾರಿಯನ್ನು ಅನ್ಯರಲ್ಲಿ ಕೇಳಿದಾಗ, ನಗು ಅಡಗುತ್ತದೆ. ಗಾದೆ ಮಾತ್ರ ಅಡಗುವುದಿಲ್ಲ. ವಯಸ್ಸಾಯಿತು, ಇನ್ನೇನು ಮಾಡಲಾದೀತು ಎಂಬ ನಿಟ್ಟುಸಿರಿನೊಡನೆ ಮನೆಯವರು ಆ ಗಾದೆಯನ್ನೇ ರೋಗನಿದಾನವೆಂದು ಒಪ್ಪಿಕೊಂಡುಬಿಡುತ್ತಾರೆ.

ಲೆಕ್ಕ ಹೇಳುವುದೇ ಬೇರೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯ ಎಂದು ವೈದ್ಯರು ಕರೆಯುವ ಬುದ್ಧಿಕ್ಷಯಕ್ಕೆ ಒಳಗಾಗಿದ್ದಾರೆ. ಸಂಖ್ಯೆ ದೊಡ್ಡದು, ನಿಜ. ಆದರೆ ಉಳಿದ ತೊಂಬತ್ತೆರಡಕ್ಕೂ ಹೆಚ್ಚು ಮಂದಿ ಅರವತ್ತು ದಾಟಿಯೂ ಬುದ್ಧಿ ನೆಟ್ಟಗಿರುವವರೇ ಅಲ್ಲವೆ? ಮುಪ್ಪೇ ಮರೆವಿಗೆ ಕಾರಣವಾಗಿದ್ದರೆ ಎಲ್ಲರಿಗೂ ಅದು ಬರಬೇಕಾಗಿತ್ತು. ಆದ್ದರಿಂದ ಇದು ವಯೋಧರ್ಮವಲ್ಲ, ರೋಗ. ಈ ರೋಗಗಳಲ್ಲೆಲ್ಲ ಹೆಚ್ಚು ಮಂದಿಯನ್ನು ಕಾಡುವುದು ಆಲ್ಜ್‌ಹೈಮರ್ ರೋಗ.

ಕಾಮಾಕ್ಷಿಪಾಳ್ಯದ ಒಂದು ಮನೆ

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಆಸರೆಯಲ್ಲಿ ಬೆಳೆದ ಕಾಮಾಕ್ಷಿಪಾಳ್ಯವು ದುಡಿಮೆಗಾರರ ಬಡಾವಣೆ. ಸಣ್ಣಪುಟ್ಟ ಯಂತ್ರಾಗಾರಗಳು, ಲೇತುಗಳ ಸದ್ದು, ಅವುಗಳ ನಡುವೆಯೇ ಒತ್ತೊತ್ತಾಗಿ ನಿಂತ ಮನೆಗಳು. ಅಲ್ಲಿ ಲೇತಿನ ಮುಂದೆ ನಿಂತು ಮಕ್ಕಳನ್ನು ಓದಿಸಿ, ಈಗ ವಿಶ್ರಾಂತರಾದ ಒಬ್ಬ ಹಿರಿಯರನ್ನು ಊಹಿಸಿಕೊಳ್ಳೋಣ. ಕಬ್ಬಿಣದ ಕಡ್ಡಿಯನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕಡೆದ ಕೈ ಅವರದು. ಮೊದಲು ಅವರಿಗೆ ಬೆಳಗ್ಗೆ ಬಂದುಹೋದ ನೆಂಟರು ಮರೆಯುತ್ತಾರೆ. ಹಾಲಿನವನಿಗೆ ಎರಡು ಸಲ ದುಡ್ಡು ಕೊಡುತ್ತಾರೆ. "ಮಾವ, ಮಾತ್ರೆ ಆಗಲೇ ನುಂಗಿದಿರಿ" ಎಂದು ಸೊಸೆ ಹೇಳಿದರೆ ನಂಬುವುದಿಲ್ಲ. ಆದರೆ ಐವತ್ತು ವರ್ಷದ ಹಿಂದೆ ಕೆಲಸ ಕಲಿಸಿದ ಮೇಸ್ತ್ರಿಯ ಹೆಸರು, ಆತನ ಬೈಗುಳ, ಮೊದಲ ಸಂಬಳದ ಮೊತ್ತ ಎಲ್ಲವೂ ನಾಲಗೆಯ ತುದಿಯಲ್ಲಿವೆ. ಇದನ್ನು ಕಂಡ ಮನೆಯವರು "ಹಳೆಯದೆಲ್ಲ ನೆನಪಿದೆ, ಇಂದಿನದು ಮಾತ್ರ ಬೇಕೆಂದೇ ಮರೆಯುತ್ತಾರೆ" ಎಂದು ನೊಂದುಕೊಳ್ಳುವುದುಂಟು.

ಬೇಕೆಂದು ಮರೆಯುವುದಲ್ಲ. ಹಳೆಯ ನೆನಪುಗಳು ಮಿದುಳಿನ ಹೊರಪದರದಲ್ಲೆಲ್ಲ ಹರಡಿ ಬೇರೂರಿರುತ್ತವೆ. ಹೊಸದನ್ನು ಗಮನಿಸಿ, ಹಿಡಿದು, ಕೂಡಿಡುವ ಏರ್ಪಾಟು ಬೇರೆ. ಆಲ್ಜ್‌ಹೈಮರ್ ರೋಗವು ಮೊದಲು ಕೈಹಾಕುವುದು ಈ ಏರ್ಪಾಟಿಗೇ.

ಫ್ರಾಂಕ್‌ಫರ್ಟಿನ ಹೆಂಗಸು

1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಔಗುಸ್ಟ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಆಕೆಯನ್ನು ಪರೀಕ್ಷಿಸಿದವರು ಆಲೋಯಿಸ್ ಆಲ್ಜ್‌ಹೈಮರ್ ಎಂಬ ವೈದ್ಯರು. ತನ್ನ ಹೆಸರನ್ನು ಬರೆಯಹೊರಟ ಆಕೆ ನಡುವೆಯೇ ನಿಂತುಬಿಡುತ್ತಿದ್ದಳು. ತನ್ನನ್ನು ತಾನೇ ಕಳೆದುಕೊಂಡಿರುವೆನೆಂದು ಹೇಳುತ್ತಿದ್ದಳು. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಜ್‌ಹೈಮರ್ ಆಕೆಯ ಮಿದುಳನ್ನು ತರಿಸಿಕೊಂಡು, ತೆಳುವಾಗಿ ಸೀಳಿ, ಬೆಳ್ಳಿಯ ಲವಣದಿಂದ ಬಣ್ಣಗೊಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಗಸಿಯಂಥ ಕಲೆಗಳು. ಒಳಗೆ ಸಿಕ್ಕುಬಿದ್ದ ನೂಲಿನಂಥ ಎಳೆಗಳು. ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ಅವರು ಇದನ್ನು ವಿವರಿಸಿದರು. 1910ರಲ್ಲಿ ಅವರ ಗುರುಸ್ಥಾನದಲ್ಲಿದ್ದ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್ಜ್‌ಹೈಮರ್ ಹೆಸರನ್ನೇ ಇಟ್ಟರು.

ಹೆಸರು ಸಿಕ್ಕಿತು; ಆದರೆ ಯಾವ ಕೋಶಗಳು ಸತ್ತುದರಿಂದ ನೆನಪು ಅಳಿಯುತ್ತದೆ ಎಂಬುದು ಇನ್ನೂ ಎಪ್ಪತ್ತು ವರ್ಷ ಬಗೆಹರಿಯಲಿಲ್ಲ. ಅದಕ್ಕೆ ಮೊದಲು, ಒಂದು ನರಕೋಶ ಇನ್ನೊಂದರೊಡನೆ ಹೇಗೆ ಮಾತನಾಡುತ್ತದೆ ಎಂಬುದು ತಿಳಿಯಬೇಕಾಗಿತ್ತು.

ಕಪ್ಪೆಯ ಎರಡು ಹೃದಯಗಳು

ಇದನ್ನು ತೋರಿಸಿಕೊಟ್ಟವರು ಆಸ್ಟ್ರಿಯದ ಗ್ರಾಟ್ಸ್ ನಗರದ ಓಟೊ ಲೋವಿ. ಒಂದು ರಾತ್ರಿ ಅವರಿಗೆ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತು. ಅರೆನಿದ್ದೆಯಲ್ಲೆದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಗ್ಗೆ ನೋಡಿದರೆ ತಾವೇ ಬರೆದುದನ್ನು ಓದಲಾಗಲಿಲ್ಲ. ಕನಸೂ ನೆನಪಿಗೆ ಬಾರದು. ಮರುರಾತ್ರಿ ಅದೇ ಕನಸು ಮತ್ತೆ ಬಿದ್ದಾಗ ಅವರು ಮಲಗದೆ ನೇರವಾಗಿ ಪ್ರಯೋಗಶಾಲೆಗೆ ನಡೆದರೆಂದು ಅವರೇ ಹೇಳಿಕೊಂಡಿದ್ದಾರೆ. ಎರಡು ಕಪ್ಪೆಗಳ ಹೃದಯಗಳನ್ನು ಬೇರೆ ಬೇರೆಯಾಗಿ ದ್ರಾವಣದಲ್ಲಿಟ್ಟು, ಮೊದಲನೆಯದರ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರು. ಅದರ ಬಡಿತ ನಿಧಾನವಾಯಿತು. ಆ ಹೃದಯವನ್ನು ಸುತ್ತುವರಿದಿದ್ದ ದ್ರವವನ್ನು ತೆಗೆದು, ನರದ ಸೋಂಕೇ ಇಲ್ಲದ ಎರಡನೆಯ ಹೃದಯಕ್ಕೆ ಹನಿಸಿದಾಗ ಅದೂ ನಿಧಾನವಾಯಿತು!

ಎಂದರೆ ನರವು ತನ್ನ ತುದಿಯಲ್ಲಿ ಒಂದು ದ್ರವ್ಯವನ್ನು ಸುರಿಸುತ್ತದೆ. ಆ ದ್ರವ್ಯವೇ ದೂತನಾಗಿ ಸುದ್ದಿಯನ್ನು ಒಯ್ಯುತ್ತದೆ. 1921ರಲ್ಲಿ ಪ್ರಕಟವಾದ ಈ ದೂತನ ಹೆಸರು ಅಸೆಟೈಲ್‌ಕೋಲಿನ್. ಇದರ ಗುಣಗಳನ್ನು ಅದಕ್ಕೂ ಮೊದಲೇ ಅರಸಿದ್ದ ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೂ ಲೋವಿಯವರಿಗೂ 1936ರಲ್ಲಿ ನೊಬೆಲ್ ಬಹುಮಾನ ಹಂಚಿಕೆಯಾಯಿತು. ಹೃದಯದಲ್ಲಿ ಬಡಿತವನ್ನು ತಗ್ಗಿಸುವ ಈ ದ್ರವ್ಯವೇ ಮಿದುಳಿನಲ್ಲಿ ಗಮನವನ್ನೂ ಕಲಿಕೆಯನ್ನೂ ಎಚ್ಚರಿಸುತ್ತದೆ ಎಂಬುದು ಮುಂದೆ ತಿಳಿದುಬಂದಿತು.

ಮದ್ದುಗುಣಿಕೆಯ ಸಾಕ್ಷ್ಯ

ಈ ದೂತನನ್ನು ತಡೆದರೆ ಏನಾಗುತ್ತದೆ? ಅದಕ್ಕೆ ಉತ್ತರ ನಮ್ಮ ಹಿತ್ತಿಲ ಬೇಲಿಯಲ್ಲೇ ಇತ್ತು. ಶಿವಪೂಜೆಗೆ ಹೂ ಕೊಡುವ ಮದ್ದುಗುಣಿಕೆ, ಎಂದರೆ ದತ್ತೂರಿ, ಇದಕ್ಕೆ ಉಮ್ಮತ್ತ ಎಂಬ ಹೆಸರೂ ಉಂಟು. ಹೆಸರೇ ಅದರ ಗುಣವನ್ನು ಸಾರುತ್ತದೆ. ಇದರ ಬೀಜ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮನುಷ್ಯ ಇಲ್ಲದುದನ್ನು ಕಂಡಂತೆ ಬಡಬಡಿಸುತ್ತಾನೆ, ಬಳಿಕ ನಡೆದುದೊಂದೂ ನೆನಪಿರುವುದಿಲ್ಲ. ದಾರಿಗಳ್ಳರು ಪ್ರಯಾಣಿಕರ ತಿಂಡಿಯಲ್ಲಿ ಇದನ್ನು ಬೆರೆಸುತ್ತಿದ್ದುದು ಈ ಗುಣಕ್ಕಾಗಿಯೇ. ಇದರಲ್ಲಿರುವ ಸ್ಕೊಪೊಲಮಿನ್ ಮತ್ತು ಅಟ್ರೊಪಿನ್ ಎಂಬ ಸಾರಗಳು, ಅಸೆಟೈಲ್‌ಕೋಲಿನ್ ಬಂದು ಕುಳಿತುಕೊಳ್ಳಬೇಕಾದ ಪೀಠಗಳನ್ನು ತಾವೇ ಆಕ್ರಮಿಸಿಕೊಳ್ಳುತ್ತವೆ. ದೂತ ಬಾಗಿಲಿಗೆ ಬಂದರೂ ಒಳಗೆ ಜಾಗವಿಲ್ಲ.

1974ರಲ್ಲಿ ಅಮೆರಿಕದ ಡೇವಿಡ್ ಡ್ರಾಕ್‌ಮನ್ ಮತ್ತು ಜ್ಯಾನೆಟ್ ಲೆವಿಟ್ ಆರೋಗ್ಯವಂತ ತರುಣರಿಗೆ ಅಳತೆಯ ಪ್ರಮಾಣದಲ್ಲಿ ಸ್ಕೊಪೊಲಮಿನ್ ಕೊಟ್ಟು ನೆನಪಿನ ಪರೀಕ್ಷೆ ನಡೆಸಿದರು. ಹೊಸದನ್ನು ಕಲಿತು ಉಳಿಸಿಕೊಳ್ಳುವುದರಲ್ಲಿ ಆ ತರುಣರು ಮುದುಕರಂತೆ ತಡವರಿಸಿದರು. ಮುಪ್ಪಿನ ಮರೆವಿಗೂ ಈ ದೂತನ ಕೊರತೆಗೂ ನಂಟಿದೆಯೆಂಬ ಶಂಕೆ ಬಲವಾಯಿತು.

ಬತ್ತಿದ ಕೆರೆ

ಎರಡೇ ವರ್ಷದಲ್ಲಿ ಪುರಾವೆ ಒದಗಿತು. 1976ರಲ್ಲಿ ಎಡಿನ್‌ಬರೋ ನಗರದ ಪೀಟರ್ ಡೇವಿಸ್ ಮತ್ತು ಮೆಲೋನಿ, ಈ ರೋಗದಿಂದ ಸತ್ತವರ ಮಿದುಳುಗಳಲ್ಲಿ ಅಸೆಟೈಲ್‌ಕೋಲಿನನ್ನು ತಯಾರಿಸುವ ಕಿಣ್ವವು ತೀರ ಕುಗ್ಗಿರುವುದನ್ನು ತೋರಿಸಿದರು. ಲಂಡನ್ ಮತ್ತು ನ್ಯೂಕ್ಯಾಸಲ್ ನಗರಗಳ ತಂಡಗಳೂ ಅದೇ ಕಾಲದಲ್ಲಿ ಅದನ್ನೇ ಕಂಡವು. ತಯಾರಿಸುವ ಕೋಶಗಳು ಎಲ್ಲಿದ್ದವು? ಮಿದುಳಿನ ಮುಂಭಾಗದ ತಳದಲ್ಲಿ, ವಿಯೆನ್ನದ ಥಿಯೊಡೋರ್ ಮೈನರ್ಟ್ ಅವರ ಹೆಸರು ಹೊತ್ತ ಒಂದು ಪುಟ್ಟ ಕೋಶಗುಚ್ಛವಿದೆ. ಅಮೆರಿಕದ ಬಾಲ್ಟಿಮೋರ್ ನಗರದ ಪೀಟರ್ ವೈಟ್‌ಹೌಸ್ ಮತ್ತು ಸಂಗಡಿಗರು 1982ರಲ್ಲಿ ಅಲ್ಲಿನ ನರಕೋಶಗಳನ್ನು ಎಣಿಸಿದಾಗ, ರೋಗಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನಾಶವಾಗಿದ್ದವು.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಮೈನರ್ಟನ ಗುಚ್ಛದಲ್ಲಿರುವುದು ಒಂದು ಪಾರ್ಶ್ವಕ್ಕೆ ಎರಡು ಲಕ್ಷದ ಆಸುಪಾಸು ಎಂಬುದು ಒಂದು ಎಣಿಕೆ. ಇಷ್ಟು ಅಲ್ಪಸಂಖ್ಯೆಯ ಕೋಶಗಳು ಅಳಿದರೆ ಇಡೀ ಮನಸ್ಸು ಏಕೆ ಮಂಕಾಗಬೇಕು? ಈ ಕೋಶಗಳ ತಂತುಗಳು ಮಿದುಳಿನ ಹೊರಪದರವನ್ನೆಲ್ಲ ಮುಟ್ಟುತ್ತವೆ. ನೆರೆಯ ಕೋಶಗಳ ತಂತುಗಳು ಕಡಲಕುದುರೆಯ ಆಕಾರದ ಹಿಪ್ಪೊಕ್ಯಾಂಪಸ್ ಎಂಬ ನೆನಪಿನ ಹೆಬ್ಬಾಗಿಲಿಗೆ ಹೋಗುತ್ತವೆ. 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿಯ ಜಲಾಶಯವು ಒಂದು ಕಾಲಕ್ಕೆ ಬೆಂಗಳೂರಿನ ಎಷ್ಟೋ ಮನೆಗಳ ನಲ್ಲಿಗಳಿಗೆ ನೀರುಣಿಸಿತು. ನೀರಿನ ಮೂಲವೇ ಬತ್ತಿದರೆ ಕೊಳವೆ ಗಟ್ಟಿಯಾಗಿದ್ದೂ ನಲ್ಲಿ ತಿರುಗಿಸಿದ್ದೂ ಏನು ಫಲ? ಮಿದುಳಿನ ಸ್ಥಿತಿಯೂ ಹಾಗೆಯೇ.

ವಿಷವೇ ಮದ್ದಾದ ಬಗೆ

ಕೆರೆಯನ್ನು ತುಂಬಿಸಲಾಗದಿದ್ದರೆ, ಇರುವ ನೀರು ಹರಿದುಹೋಗದಂತೆ ತೂಬನ್ನಾದರೂ ಮುಚ್ಚಬಹುದಷ್ಟೆ. ಅಸೆಟೈಲ್‌ಕೋಲಿನ್ ತನ್ನ ಸುದ್ದಿಯನ್ನು ಮುಟ್ಟಿಸಿದ ಕೂಡಲೆ ಒಂದು ಕಿಣ್ವವು ಅದನ್ನು ಒಡೆದುಹಾಕುತ್ತದೆ. ಆ ಕಿಣ್ವವನ್ನು ತಡೆದರೆ ದೂತ ಇನ್ನಷ್ಟು ಹೊತ್ತು ಉಳಿಯುತ್ತಾನೆ.

ಇಂಥ ತಡೆಯನ್ನು ಪಶ್ಚಿಮ ಆಫ್ರಿಕದ ಜನ ಬೇರೊಂದು ರೀತಿಯಲ್ಲಿ ಬಲ್ಲವರಾಗಿದ್ದರು. ಅಲ್ಲಿ ಆರೋಪಿಗಳಿಗೆ ಕ್ಯಾಲಬಾರ್ ಎಂಬ ವಿಷದ ಅವರೆಯನ್ನು ತಿನ್ನಿಸುತ್ತಿದ್ದರು. ವಾಂತಿ ಮಾಡಿಕೊಂಡು ಉಳಿದವನು ನಿರಪರಾಧಿ, ಸತ್ತವನು ಅಪರಾಧಿ. ನಮ್ಮ ಪ್ರಾಚೀನರ ವಿಷದಿವ್ಯದಂತೆಯೇ. ಆ ಅವರೆಯ ಸಾರವು ಮದ್ದುಗುಣಿಕೆಯ ವಿಷಕ್ಕೆ ಪ್ರತಿವಿಷವಾಗಬಲ್ಲದೆಂದು 19ನೆಯ ಶತಮಾನದಲ್ಲೇ ತಿಳಿದಿತ್ತು. ನಮ್ಮ ರೈತರು ಬಳಸುವ ಎಷ್ಟೋ ಕೀಟನಾಶಕಗಳೂ ಇದೇ ಕಿಣ್ವವನ್ನು ಬಿಗಿಯಾಗಿ ಕಟ್ಟಿಹಾಕುತ್ತವೆ. ಅದನ್ನು ಕುಡಿದವರಿಗೆ ಆಸ್ಪತ್ರೆಯಲ್ಲಿ ಅಟ್ರೊಪಿನ್ ಕೊಡುವುದು ಅದಕ್ಕೇ. ಅತಿಯಾದರೆ ಕೊಲ್ಲುವ ಈ ತಡೆಯನ್ನು ಹದವಾಗಿ ಮಾಡುವುದೇ ಔಷಧದ ಗುಟ್ಟು.

ಮೊದಲು 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ಯಾಕ್ರಿನ್ ಯಕೃತ್ತಿಗೆ ಕೇಡು ಮಾಡುತ್ತಿದ್ದುದರಿಂದ ಮೂಲೆಗೆ ಬಿತ್ತು. ಜಪಾನಿನ ಹಚಿರೊ ಸುಗಿಮೊಟೊ ಅವರ ತಾಯಿಗೆ ಬುದ್ಧಿಕ್ಷಯವಿತ್ತು. ಆ ಮಗನ ತಂಡ ರೂಪಿಸಿದ ಡೊನೆಪೆಜಿಲ್ 1996ರಲ್ಲಿ ಬಂದಿತು. ಕ್ಯಾಲಬಾರ್ ಅವರೆಯ ಸಾರವನ್ನು ಮಾದರಿಯಾಗಿಟ್ಟುಕೊಂಡ ರಿವಾಸ್ಟಿಗ್ಮಿನ್, ಹಿಮಹೂವಿನ ಗಡ್ಡೆಯಲ್ಲಿ ದೊರೆಯುವ ಗ್ಯಾಲಂಟಮಿನ್ ಅದರ ಬೆನ್ನಿಗೇ ಬಂದವು.

ಈ ಮದ್ದುಗಳಿಂದ ಎಷ್ಟು ಫಲ? ಕೆಲವರಲ್ಲಿ ಕೆಲವು ತಿಂಗಳಿಂದ ಒಂದೆರಡು ವರ್ಷದವರೆಗೆ ನೆನಪೂ ದಿನಚರಿಯೂ ತುಸು ಹಿಡಿತಕ್ಕೆ ಬರುತ್ತವೆ. ಕೆಲವರಲ್ಲಿ ಏನೂ ಕಾಣುವುದಿಲ್ಲ. ಕೋಶಗಳ ಸಾವು ನಿಲ್ಲುವುದಿಲ್ಲ. ವಾಕರಿಕೆ, ಭೇದಿ, ಹಸಿವು ಕಡಿಮೆಯಾಗುವುದು ಸಾಮಾನ್ಯ. ಕಪ್ಪೆಯ ಹೃದಯ ನಿಧಾನವಾದುದನ್ನು ನೆನೆದರೆ ಇನ್ನೊಂದು ಅಪಾಯವೂ ತಾನಾಗಿ ತಿಳಿಯುತ್ತದೆ: ನಾಡಿ ಮೊದಲೇ ನಿಧಾನವಾಗಿರುವವರು ತಲೆಸುತ್ತಿ ಬೀಳಬಹುದು. ಆದ್ದರಿಂದಲೇ ಬಲ್ಲ ವೈದ್ಯರು ನಾಡಿಯನ್ನೂ ಹೃದಯವನ್ನೂ ನೋಡಿಯೇ ಈ ಮಾತ್ರೆಯನ್ನು ಬರೆಯುತ್ತಾರೆ.

ಸಿದ್ಧಾಂತದ ಒರೆಗಲ್ಲು

ಹಾಗಾದರೆ ಈ ಕೋಶಗಳ ನಾಶವೇ ರೋಗದ ಮೂಲವೆ? ಇಲ್ಲಿ ವಿಜ್ಞಾನಿಗಳು ಒಮ್ಮತಕ್ಕೆ ಬಂದಿಲ್ಲ. 2002ರಲ್ಲಿ ಸ್ಟೀವನ್ ಡಿಕಾಸ್ಕಿ ಮತ್ತು ಸಂಗಡಿಗರು, ಮರೆವು ಆಗತಾನೆ ಮೊದಲಾದವರ ಮಿದುಳುಗಳಲ್ಲಿ ಆ ತಯಾರಿಕೆಯ ಕಿಣ್ವ ಕುಗ್ಗಿರಲಿಲ್ಲ, ಕೆಲವೆಡೆ ಹೆಚ್ಚಿಯೇ ಇತ್ತು ಎಂದು ತೋರಿಸಿದರು. ಸೋಲುವ ಮುನ್ನ ಮಿದುಳು ಹೆಚ್ಚು ದುಡಿದು ಸರಿದೂಗಿಸಲು ನೋಡುತ್ತದೆಯೆಂದು ಅದರ ಅರ್ಥವಿರಬಹುದು. 2016ರಲ್ಲಿ ಟೇಲರ್ ಶ್ಮಿಟ್ಸ್ ಮತ್ತು ನೇಥನ್ ಸ್ಪ್ರೆಂಗ್, ಬದುಕಿರುವವರ ಮಿದುಳಿನ ಚಿತ್ರಗಳನ್ನು ವರ್ಷಗಟ್ಟಲೆ ಹೋಲಿಸಿ, ಮಿದುಳಿನ ತಳದ ಈ ಭಾಗವು ಮೊದಲು ಕುಗ್ಗಿ, ನೆನಪಿನ ಹೆಬ್ಬಾಗಿಲಿನ ನೆರೆಯ ಭಾಗ ಆಮೇಲೆ ಕುಗ್ಗುತ್ತದೆಯೆಂದು ವಾದಿಸಿದರು. ಆಲ್ಜ್‌ಹೈಮರ್ ಕಂಡ ಗಸಿಯನ್ನು ಕರಗಿಸುವ ಲೆಕಾನೆಮ್ಯಾಬ್ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆಯಿತು. ಅದೂ ರೋಗದ ನಡೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ, ಮಿದುಳಿನಲ್ಲಿ ಬಾವು ಮತ್ತು ರಕ್ತಸ್ರಾವದ ಭಯವನ್ನೂ ತರುತ್ತದೆ. ಒಂದೇ ಬೀಗಕ್ಕೆ ಹಲವು ಕೀಲಿಗಳು ಬೇಕಾದಂತಿದೆ.

ನಮ್ಮ ನಾಡಿನ ದುಡಿಮೆ

ಎಡಿನ್‌ಬರೋದ ಶೋಧ ಸಾಧ್ಯವಾದುದು ಸತ್ತವರ ಮಿದುಳುಗಳು ಪ್ರಯೋಗಶಾಲೆಗೆ ಒದಗಿದುದರಿಂದ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ಮಾನವ ಮಿದುಳುಗಳ ಭಂಡಾರವೊಂದು ಸ್ಥಾಪಿತವಾಯಿತು. ಅಗಲಿದವರ ಮಿದುಳನ್ನು ಕುಟುಂಬದವರು ಅಲ್ಲಿಗೆ ದಾನವಾಗಿ ಕೊಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುವರ್ಷ ಪರೀಕ್ಷಿಸುವ ಗುರಿಯಿಟ್ಟುಕೊಂಡಿದೆ. ರೋಗ ಬಂದ ಮೇಲಲ್ಲ, ಬರುವ ಮುನ್ನ ಏನಾಗುತ್ತದೆಂಬುದನ್ನು ಅರಿಯುವ ಸಾಹಸವಿದು.

ಇನ್ನೊಂದು ಸಂಗತಿ ಬೆಂಗಳೂರಿನ ಬಡಾವಣೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಮುಂದೆ ನಿಮ್ಹಾನ್ಸ್‌ಗೆ ಬಂದ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಭ್ಯಸಿಸಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಬುದ್ಧಿಕ್ಷಯವು ನಾಲ್ಕೂವರೆ ವರ್ಷ ತಡವಾಗಿ ತಲೆದೋರುತ್ತದೆಂದು 2013ರಲ್ಲಿ ಪ್ರಕಟಿಸಿದರು. ಅಕ್ಷರ ಬಾರದವರಲ್ಲೂ ಈ ಲಾಭ ಕಂಡಿತು. ಆದರೆ ಭಾಷೆಗಳು ರೋಗವನ್ನು ತಡವಾಗಿಸಿಯಾವು, ತಡೆಯಲಾರವು. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿ, ಹತ್ತು ಭಾಷೆಗಳನ್ನು ಬಲ್ಲವರೆಂದು ಹೆಸರಾಗಿ, 1974ರ ರೈಲ್ವೆ ಮುಷ್ಕರದಲ್ಲಿ ದೇಶವನ್ನೇ ನಿಲ್ಲಿಸಿದ ಜಾರ್ಜ್ ಫರ್ನಾಂಡಿಸ್ ಅವರು ಬಾಳಿನ ಕೊನೆಯ ವರ್ಷಗಳನ್ನು ಇದೇ ರೋಗದ ಮೌನದಲ್ಲಿ ಕಳೆದು 2019ರ ಜನವರಿ 29ರಂದು ತೀರಿಕೊಂಡರು. ಅವರನ್ನು ಯಾರು ನೋಡಿಕೊಳ್ಳಬೇಕೆಂಬ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಮಾತಾಡುವ ಶಕ್ತಿಯಿರುವಾಗಲೇ ಹಿರಿಯರ ಇಚ್ಛೆಯನ್ನು ಕೇಳಿ ಬರೆದಿಡುವುದು ಎಷ್ಟು ಅಗತ್ಯವೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಮನೆಯ ಔಷಧದ ಡಬ್ಬಿ

ಮದ್ದುಗುಣಿಕೆ ಬೇಲಿಯಲ್ಲಿ ಮಾತ್ರವಿಲ್ಲ. ಅದರ ಗುಣದ ಮದ್ದುಗಳು ಎಷ್ಟೋ ಮನೆಗಳ ಔಷಧದ ಡಬ್ಬಿಯಲ್ಲಿವೆ. ನೆಗಡಿಗೂ ತುರಿಕೆಗೂ ನುಂಗುವ, ತೂಕಡಿಕೆ ತರುವ ಹಳೆಯ ಮಾತ್ರೆಗಳು, ಹೊಟ್ಟೆನುಲಿತದ ಡೈಸೈಕ್ಲೊಮಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ನಿದ್ರೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಕೈನಡುಕದ ಟ್ರೈಹೆಕ್ಸಿಫೆನಿಡಿಲ್ ಇವೆಲ್ಲವೂ ಅಸೆಟೈಲ್‌ಕೋಲಿನ್‌ನ ದಾರಿಗೆ ಅಡ್ಡಬರುವಂಥವೇ. ಒಬ್ಬ ವೈದ್ಯರು ನೆನಪಿಗೆಂದು ಡೊನೆಪೆಜಿಲ್ ಬರೆದಿರುತ್ತಾರೆ; ಅದರಿಂದ ಮೂತ್ರದ ಒತ್ತಡ ಹೆಚ್ಚಿತೆಂದು ಇನ್ನೊಬ್ಬರು ಮೂತ್ರ ತಡೆಯುವ ಮಾತ್ರೆ ಬರೆಯುತ್ತಾರೆ. ಒಂದು ತೂಬು ಮುಚ್ಚುತ್ತದೆ, ಇನ್ನೊಂದು ಕಾಲುವೆಗೇ ಕಟ್ಟೆ ಹಾಕುತ್ತದೆ. ರೋಗಿ ಎರಡಕ್ಕೂ ಹಣ ತೆರುತ್ತಾನೆ. ಇಂಥ ಮಾತ್ರೆಗಳನ್ನು ತಾವಾಗಿ ತಟಕ್ಕನೆ ನಿಲ್ಲಿಸಬಾರದು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಒಬ್ಬರೇ ವೈದ್ಯರ ಮುಂದೆ ಸುರಿಯುವುದು ಜಾಣತನ.

ಅದಕ್ಕಿಂತ ಮುಖ್ಯವಾದುದು, ಮರೆವೆಲ್ಲ ಆಲ್ಜ್‌ಹೈಮರ್ ಅಲ್ಲ. ಥೈರಾಯ್ಡ್ ಗ್ರಂಥಿಯ ಸೋಮಾರಿತನ, ಬಿ-12 ಜೀವಸತ್ತ್ವದ ಕೊರತೆ, ಒಳಗೊಳಗೇ ಕೊರೆಯುವ ಖಿನ್ನತೆ, ಜಾರಿಬಿದ್ದು ವಾರಗಳ ಮೇಲೆ ತಲೆಯೊಳಗೆ ಹೆಪ್ಪುಗಟ್ಟುವ ರಕ್ತ ಇವೂ ಅದೇ ವೇಷದಲ್ಲಿ ಬರುತ್ತವೆ, ಇವಕ್ಕೆ ಚಿಕಿತ್ಸೆಯಿದೆ. "ಅರಳುಮರಳು" ಎಂದು ಕೈಚೆಲ್ಲಿದ ಮನೆಯಲ್ಲಿ ಗುಣವಾಗಬಹುದಾದ ರೋಗಿಯೂ ಗುಣವಾಗದೆ ಉಳಿಯುತ್ತಾನೆ. ಗಾದೆಯಿಂದ ಆಗುವ ನಿಜವಾದ ನಷ್ಟ ಇದು.

ಆಲ್ಜ್‌ಹೈಮರ್ ಎಂದೇ ಖಚಿತವಾದರೆ, ಮಾತ್ರೆಗಿಂತ ಹೆಚ್ಚಿನ ಭಾರ ಮನೆಯವರ ಮೇಲೆ ಬೀಳುತ್ತದೆ. ಅದರಲ್ಲೂ ಸೊಸೆ, ಮಗಳು, ಹೆಂಡತಿಯರ ಮೇಲೆ. ಕೇಳಿದ್ದನ್ನೇ ಕೇಳುವವರೊಡನೆ ವಾದಿಸಿ ಗೆದ್ದವರಿಲ್ಲ. ಹೇಳಿದ್ದನ್ನು ಉಳಿಸಿಕೊಳ್ಳುವ ಕೋಶಗಳೇ ಅಲ್ಲಿಲ್ಲವೆಂದು ತಿಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಜೇಬಿನಲ್ಲಿ ವಿಳಾಸದ ಚೀಟಿ, ಬಾಗಿಲಿಗೆ ಗಂಟೆ, ದಿನವೂ ಅದೇ ಹೊತ್ತಿಗೆ ಊಟ, ಪರಿಚಿತವಾದ ಹಾಡು, ಸಂಜೆಯ ನಡಿಗೆ ಇವು ದುಬಾರಿಯಲ್ಲ. ದುಬಾರಿಯಾದುದು ನೋಡಿಕೊಳ್ಳುವವರ ನಿದ್ರೆ. ವಾರದಲ್ಲಿ ಒಂದು ದಿನ ಅಣ್ಣನೋ ತಮ್ಮನೋ ಬಂದು ತಂದೆಯ ಬಳಿ ಕುಳಿತು ಆಕೆಗೆ ಬಿಡುವು ಕೊಟ್ಟರೆ, ಅದು ಯಾವ ಮಾತ್ರೆಗೂ ಕಡಿಮೆಯಾದ ಚಿಕಿತ್ಸೆಯಲ್ಲ.